ಗೇಟಿನ ತನಕದ ವಾಕಿಂಗ್

ರೀ,

ನಾನು ವಾಕಿಂಗ್‌ಗೆ ಹೊರಟಿದ್ದೇನೆ. ಅತ್ತೆಗೆ ಎದ್ದ ಕೂಡಲೇ ಬಿಸಿನೀರು ಕೊಡಿ, ಆಮೇಲೆ ಬಿಳಿ ಮಾತ್ರೆ. ಮಗ್ಗುಲು ಬದಲಿಸುವಾಗ ಭುಜ ಹಿಡಿಯಿರಿ, ಕೈ ಎಳೆಯಬೇಡಿ.

ನಿನ್ನೆ ನಾನು ಶೂ ಹಾಕಿಕೊಂಡು ಗೇಟಿನಿಂದಲೇ ವಾಪಸ್ ಬಂದಾಗ, "ಬರೀ ನೆಪ ಕಣೇ ನಿಂದು" ಎಂದು ನಕ್ಕಿರಿ. ರಾತ್ರಿ ಆ ನೆಪಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಒಲೆಯ ಮೇಲಿನ ಹಾಲು, ನಿಂತುಹೋಗುವ ನಲ್ಲಿ ನೀರು, ಒಳಕೋಣೆಯಿಂದ ಅತ್ತೆ ಫೋನು ಮಾಡಿ "ಎಲ್ಲಿದ್ದೀಯಮ್ಮಾ" ಅನ್ನುವುದು. ಒಂದೂ ಸುಳ್ಳಲ್ಲ. ಇವೆಲ್ಲ ಮುಗಿಯಲಿ ಎಂದು ಕಾದರೆ ನಾನು ಗೇಟು ದಾಟುವುದೇ ಇಲ್ಲ. ನನ್ನ ಸಕ್ಕರೆ ಇನ್ನೂ ಏರಿದರೆ ಇನ್ಸುಲಿನ್ ಶುರು ಎಂದು ಡಾಕ್ಟರು ಹೇಳಿದಾಗ ನೀವೂ ಪಕ್ಕದಲ್ಲೇ ಕೂತಿದ್ದಿರಿ.

ಅದಕ್ಕೇ ನನ್ನ ಫೋನನ್ನು ನಿಮ್ಮ ದಿಂಬಿನ ಪಕ್ಕ ಬಿಟ್ಟಿದ್ದೇನೆ. ಅತ್ತೆ ಫೋನು ಮಾಡಿದರೆ ಎತ್ತಿ, "ನಾನಮ್ಮಾ, ಬಂದೆ" ಅನ್ನಿ.