ಅಳತೆ ಸರಿಯಾಗಿಯೇ ಇತ್ತು

ಮನೆಯಿಂದ, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ಸೊಂಟನೋವು ಹೇಗಿದೆ? ಎಂಜಿನ್ ಕೋಣೆಯ ಸೆಖೆಯಿಂದ ಮೇಲೆ ಬಂದವನೇ ತಣ್ಣೀರು ಕುಡಿಯಬೇಡ. ಹಡಗಿನ ಕಂಪನಿಯವರು ಈ ಕಾಗದದ ಫೋಟೋ ತೆಗೆದು ಇವತ್ತೇ ನಿನಗೆ ಕಳಿಸುತ್ತಾರಂತೆ. ನಾಳೆ ಬಂದರು ಮುಟ್ಟಿದರೆ ಫೋನೂ ಸಿಗುತ್ತದಲ್ಲ.

ಮಿದುಳುಜ್ವರ ನಿನ್ನ ಮಗಳನ್ನು ಬಿಟ್ಟಿತು, ಅವಳ ಎರಡೂ ಕಿವಿ ತಿಂದುಕೊಂಡು ಹೋಯಿತು. ಒಳಕಿವಿಯಲ್ಲಿ ತಂತಿ ಕೂರಿಸಿದರೆ ಮತ್ತೆ ಕೇಳಿಸುತ್ತದೆ ಎಂದು ಡಾಕ್ಟರು ಹೇಳಿದ್ದೂ ನಿನಗೆ ಗೊತ್ತು. ಸಿ.ಟಿ. ಸ್ಕ್ಯಾನ್ ಮಾಡಿ, ಬಸವನಹುಳುವಿನ ಚಿಪ್ಪಿನಂಥ ಆ ಒಳಕಿವಿಯನ್ನು ಅಳೆದರು. ಅಗಲ ಇಷ್ಟು, ಸುರುಳಿ ಬಿಚ್ಚಿದರೆ ಉದ್ದ ಇಷ್ಟು, ಅದಕ್ಕೆ ಒಪ್ಪುವ ತಂತಿ ಇದು ಎಂದು ಸರ್ಜನ್ ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು. ದರ್ಜಿಯೂ ಅಷ್ಟು ನಾಜೂಕಾಗಿ ಅಳೆಯುವುದಿಲ್ಲ. ಆದರೆ ನನಗೆ ಓದುವ ಚಾಳಿ. ಈ ಜ್ವರ ಬಂದುಹೋದ ಕಿವಿಯಲ್ಲಿ ಮೊದಲು ಮೆತ್ತನೆಯ ನಾರು, ಆಮೇಲೆ ಮೂಳೆ ಬೆಳೆದು ಸುರುಳಿಯೇ ತುಂಬಿಕೊಳ್ಳಬಹುದು. ಸಿ.ಟಿ.ಯಲ್ಲಿ ಮೂಳೆ ಕಾಣುತ್ತದೆ, ನಾರು ಕಾಣುವುದಿಲ್ಲ. ನಾರೂ ಕಾಣುವ ಎಂ.ಆರ್.ಐ. ಮಾಡಿ ಎಂದೆ.

"ಅಜ್ಜಿ, ಅಳತೆ ಪಕ್ಕಾ ಇದೆ" ಅಂದರು. "ಅಳತೆ ಇರ್ಲಿ ಡಾಕ್ಟ್ರೇ, ಒಳಗೆ ಜಾಗ ಇದೆಯಾ?" ಅಂದೆ. "ನೀವು ಯಾವ ಕಾಲೇಜಲ್ಲಿ ಓದಿದ್ದು?" ಎಂದು ನಕ್ಕರು. "ಲೈಬ್ರರಿಯಲ್ಲಿ" ಅಂದೆ. ನಗು ನಿಂತಿತು, ಕೆಲಸ ಮಾತ್ರ ಮುಂದೆ ಹೋಗಲಿಲ್ಲ. ಸ್ಕ್ಯಾನಿನಲ್ಲಿ ಮಗು ಅಲುಗದಂತೆ ಅರಿವಳಿಕೆ ಕೊಡುವವರು ರಜೆ, ಆಪರೇಷನ್ನಿಗೆ ಒಪ್ಪಿಗೆ ಕೊಡುವ ಸಮಿತಿಯ ಅಧ್ಯಕ್ಷರು ಪ್ರವಾಸ. ವಾರಗಳು ಉರುಳಿದವು. ನಿನ್ನ ಅಪ್ಪನ ಎದೆಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು "ಚಿತ್ರ ಚೆನ್ನಾಗಿ ಬಂದಿದೆ" ಎಂದವರೂ ಇದೇ ಆಸ್ಪತ್ರೆಯವರು. ಚೆನ್ನಾಗಿಯೇ ಬಂದಿತ್ತು. ಒಳಗಿದ್ದ ಗಡ್ಡೆ ಅವರ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ನೀನಾಗ ಚಿಕ್ಕವನು, ಮರೆತಿರಬಹುದು. ನಾನು ಮರೆತಿಲ್ಲ.

ಕೊನೆಗೆ ಮುಖ್ಯ ವೈದ್ಯರ ಬಾಗಿಲಲ್ಲೇ ಕುರ್ಚಿ ಹಾಕಿ ಕೂತೆ. ನಿನ್ನೆ ಎಂ.ಆರ್.ಐ. ಆಯಿತು. ಒಳಕಿವಿಯ ನೀರು ಬೆಳ್ಳಗೆ ಹೊಳೆಯಬೇಕಿತ್ತು, ಬಲಗಿವಿಯಲ್ಲಿ ಅಷ್ಟೂ ಕಪ್ಪು. ನಾರು ತುಂಬಿ ಜಾಗವೇ ಉಳಿದಿಲ್ಲ. ಅಳತೆಗೆ ಸರಿಯಾಗಿ ತರಿಸಿದ ಉದ್ದನೆಯ ತಂತಿ ಡಬ್ಬ ಒಡೆಯದೆ ಕೂತಿದೆ.

ನಿನ್ನ ಹೆಂಡತಿ ಅಳುವುದಿಲ್ಲ. ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತಾಳೆ, ಮಗು ತಿರುಗಿ ನೋಡೀತೇನೋ ಎಂದು. ಬಾಯಿ ಮುಚ್ಚದ ಹುಡುಗಿ ಅಂತ ನೀನೇ "ಜೀರುಂಡೆ" ಎಂದು ಹೆಸರಿಟ್ಟೆಯಲ್ಲ, ಈಗ ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತದೆ.

ದೂರದಿಂದಲೇ ನಿನ್ನ ತಲೆ ಸವರಿದ್ದೇನೆ ಎಂದುಕೋ. ಹುಷಾರಾಗಿರು.

ನಿನ್ನ
ಅಮ್ಮ

ಮೇಲೆ ಬರೆಯಲು ಕೈ ಬರಲಿಲ್ಲ: ಎಡಗಿವಿಯೂ ಮುಚ್ಚತೊಡಗಿದೆ. ಸುರುಳಿಯ ಬುಡದ ಸುತ್ತಿನಲ್ಲಿ ಮಾತ್ರ ಸ್ವಲ್ಪ ಜಾಗವಿದೆಯಂತೆ. ಸಮಿತಿಗೆ ಕಾಯದೆ ಗುರುವಾರವೇ ಕಿವಿ ತೆರೆಯುತ್ತಾರೆ. ಗಿಡ್ಡ ತಂತಿ ಹೋದರೆ ಹೋಯಿತು, ಇಲ್ಲದಿದ್ದರೆ ಹೊಲಿದು ಮನೆಗೆ ಕಳಿಸುತ್ತಾರೆ. ನಾಳೆ ವಿಡಿಯೋ ಕಾಲ್ ಮಾಡು. ಕಳೆದ ಸಲ ಫೋನಿನಲ್ಲಿ ಅಪ್ಪ ಬರೀ ಬಾಯಿ ಆಡಿಸಿದ, ಬೇಕೂಂತ ಮಾತಾಡಲಿಲ್ಲ ಎಂದು ಜೀರುಂಡೆ ನಿನಗೆ ಟೂ ಬಿಟ್ಟಿದ್ದಾಳೆ. ನೀನು ಏನೂ ಹೇಳಬೇಡ, ಅಳಲೂ ಬೇಡ. ಅವಳು ಮುಖ ತಿರುಗಿಸಿಕೊಂಡರೂ ಎರಡು ಬೆರಳು ಜೋಡಿಸಿ, ರಾಜಿ ಎಂದು ತೋರಿಸುತ್ತಲೇ ಇರು. ಅವಳು ನೋಡುವ ತನಕ.