ನಿಧಾನ ಭಾಗ ನುಡಿಸಿದ ಬಗೆ

ವೆನಿಸ್

ಎರ್ಮೆಸ್ ಮಾವ,

ಇಲ್ಲಿ ಸಮುದ್ರ ಉಕ್ಕಿ ಬೀದಿಗೆ ಬಂದಿದೆ. ವಾದ್ಯವೃಂದಕ್ಕೆ ಆಯ್ಕೆ ನಡೆದದ್ದು ಚರ್ಚಿನೊಳಗೆ. ಎಲ್ಲರೂ ರಬ್ಬರ್ ಬೂಟು ತೊಟ್ಟೇ ನುಡಿಸಿದೆವು. ತೇವಕ್ಕೆ, ಕುರಿಯ ಕರುಳಿನಿಂದ ಮಾಡಿದ ಪಿಟೀಲಿನ ತಂತಿಗಳು ಶ್ರುತಿ ತಪ್ಪುತ್ತಲೇ ಇದ್ದವು.

ನುಡಿಸಬೇಕಾಗಿದ್ದದ್ದು ಮುನ್ನೂರು ವರ್ಷ ಹಳೆಯ, ಬರೊಕ್ ಕಾಲದ ಪಿಟೀಲು ಕಾನ್ಚೆರ್ಟೊ, ಅಂದರೆ ಒಂದು ಪಿಟೀಲು ಮುಂದಾಗಿ, ವೃಂದ ಜೊತೆಗೂಡುವ ಕೃತಿ. ವೇಗದ ಮೊದಲ ಭಾಗ ಸರಾಗವಾಗಿ ಹೋಯಿತು. ವೃಂದದವರು ಪಲ್ಲವಿಗೆ ಮರಳಿದಾಗಲೆಲ್ಲ ನಾನು ಉಸಿರು ಎಳೆದುಕೊಂಡೆ. ನಿಧಾನದ ನಡುಭಾಗದಲ್ಲಿ ಬರೆದಿರುವುದು ಬರೀ ಉದ್ದುದ್ದ ಸ್ವರಗಳು, ಅಲಂಕಾರವನ್ನು ನುಡಿಸುವವರೇ ಹೆಣೆಯಬೇಕು. ನನಗಿಂತ ಮುಂಚಿನವರೆಲ್ಲ ಧ್ವನಿಮುದ್ರಿಕೆಯಿಂದ ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸಿದ್ದರು. ನಾನು ಆ ಗಳಿಗೆಗೆ ತೋಚಿದ್ದನ್ನು ನುಡಿಸಿಬಿಟ್ಟೆ.

ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಲಿಮಣೆ ವಾದ್ಯದ ಮುಂದೆ ಕೂತಿದ್ದ ನಿರ್ದೇಶಕಿ ಲೊರೆದಾನಾ ಹುಬ್ಬು ಗಂಟಿಕ್ಕಿದರು. “ಯಾರದಮ್ಮ ಇದು? ಎಲ್ಲಿಂದ ಕದ್ದೆ?”

“ನಂದೇ, ಸಿನ್ಯೋರಾ.”

“ಹೌದಾ? ಹಾಗಾದ್ರೆ ಇನ್ನೊಂದ್ಸಲ ನುಡಿಸು, ನೋಡೋಣ.”

“ಅದೇ ಬರಲ್ಲ. ಬೇರೆ ಬರುತ್ತೆ, ಪರವಾಗಿಲ್ವಾ?”

ವೃಂದದವರು ನಕ್ಕರು. ನಾನು ಕಮಾನು ಇಳಿಸದೆ ಮತ್ತೆ ಶುರು ಮಾಡಿದೆ. ನಿಜವಾಗಿಯೂ ಬೇರೆಯೇ ಬಂತು. ಅರ್ಧ ದಾರಿಯಲ್ಲಿ ಲೊರೆದಾನಾ ಹಾಳೆಯಿಂದ ಕಣ್ಣು ತೆಗೆದು, ನನ್ನನ್ನೇ ನೋಡುತ್ತ, ನಾನು ಹೋದ ಕಡೆಗೆಲ್ಲ ಹೊಸದಾಗಿ ನುಡಿಸಿಕೊಂಡು ಬಂದರು.

ಸದ್ಯಕ್ಕೆ ಕೊನೆಯ ಸಾಲಿನಲ್ಲಿ ಜಾಗ ಕೊಟ್ಟಿದ್ದಾರೆ. ಮುಂದಿನ ಸಾಲು ಸಿಗುವವರೆಗೂ ನಾನು ಇಲ್ಲಿಂದ ಕದಲುವುದಿಲ್ಲ. ನೆಗಡಿಯಾಗಿದೆ, ಜ್ವರವಿಲ್ಲ. ಅಮ್ಮನಿಗೆ ದಪ್ಪ ಕಾಲುಚೀಲ ಕಳಿಸಲು ಹೇಳು. ನಮ್ಮೂರ ಮರದ ಮಿಲ್ಲಿನಲ್ಲಿ ನನಗೆಂದು ಹಿಡಿದಿಟ್ಟಿರುವ ಕೆಲಸವನ್ನು ಬೇರೆಯವರಿಗೆ ಕೊಡಲಿ ಎಂದು ಅಲ್ಲಿಯವರಿಗೂ ನೀನೇ ಹೇಳಬೇಕು.

ಅಭ್ಯಾಸಕ್ಕೆ ಕರೆಯುತ್ತಿದ್ದಾರೆ, ಹೊರಟೆ.

ಅಲ್ಬಿನಾ