ನಾನು ಬೆಸೆದ ಮಗ್ಗುಗಳನ್ನು ವಾಪಸು ತರಿಸಿಕೊಡಿ

ಕೃಷಿ ಅಧಿಕಾರಿಗಳಾದ ಮಾನ್ಯರೇ,

ಹಿರೇಕೊಟ್ನೆಕಲ್ಲಿನ ಕೂಲಿ ಹೆಣ್ಣುಮಗಳು ಯಮನಮ್ಮ ಬಿಸಿಲಿನ ಹೊಡೆತಕ್ಕೆ ಸತ್ತಳೆಂದು ನಿಮ್ಮ ಕಚೇರಿ ಬರೆದುಕೊಂಡಿದೆ. ಕಾರ್ತಿಕ ಮಾಸದಲ್ಲಿ ಬಿಸಿಲಿನ ಹೊಡೆತ! ರಾಯಚೂರಿನ ಬಿಸಿಲಿಗೆ ಕೆಟ್ಟ ಹೆಸರಿದೆ ನಿಜ. ಅದು ತಮಗೆ ಇಷ್ಟು ಅನುಕೂಲಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ. ಎಂಟು ದಿನ ಹತ್ತಿ ಹೊಲದಲ್ಲಿ ಬರಿಗೈಯಲ್ಲಿ ಹುಳದ ಔಷಧ ಕಲಸಿದವಳು ಅವಳು. ಅವಳ ಬಾಯಿಯ ನೊರೆಯನ್ನು ತಂಗಿ ಹುಲಗೆಮ್ಮ ಸೆರಗಿನಲ್ಲಿ ಒರೆಸಿದಳು. ಆ ಸೆರಗಿಗೆ ಅಂಟಿದ್ದು ಯಾವ ಬಿಸಿಲಿನ ವಾಸನೆ, ಸ್ವಾಮಿ?

ಇನ್ನು ನನ್ನ ಪಾಲಿನ ತಪ್ಪು. ನಾನು ಕವಿತಾಳದಲ್ಲಿ ತಗಡಿನ ಕೆಲಸ ಮಾಡುವವನು. ನಿಮ್ಮ ಗೋದಾಮಿನವರು ಔಷಧದ ಖಾಲಿ ಡಬ್ಬಿಗಳನ್ನು ಹರಾಜು ಹಾಕಿದಾಗ ಸವಾಲು ಕೂಗಿ ಕೊಂಡೆ. ತಾಮ್ರದ ಪಾತ್ರೆ ತಿಕ್ಕುವಂತೆ ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿದೆ. ವಾಸನೆ ಹೋಯಿತು, ವಿಷವೂ ಹೋಯಿತೆಂದುಕೊಂಡೆ. ಹಿಡಿಕೆ ಬೆಸೆದು ನೀರಿನ ಮಗ್ಗು ಮಾಡಿ ಸಂತೆಯಲ್ಲಿ ಮಾರಿದೆ. ಡಬ್ಬಿಯ ಮೇಲಿನ ಇಂಗ್ಲಿಷ್ ನನಗೆ ಬಾರದು. ಬಲ್ಲ ನಿಮ್ಮವರು ಡಬ್ಬಿಗೊಂದು ತೂತು ಹೊಡೆದು ಮಾರಿದ್ದರೆ ಕೈ ಸವೆಯುತ್ತಿತ್ತೇ? ಯಮನಮ್ಮ ಹೊಲದಲ್ಲಿ ನೀರು ಕುಡಿಯುತ್ತಿದ್ದದ್ದು ನನ್ನ ಮಗ್ಗಿನಲ್ಲಿ. ಹುಲಗೆಮ್ಮ ಅದನ್ನು ತಂದು ನನ್ನ ಅಂಗಡಿಯಲ್ಲಿಟ್ಟಳು.

“ದಸ್ತಗೀರಣ್ಣ, ನೀರು ಕಹಿ ಆಗ್ಯಾವಬೇ ಅಂತಿದ್ಲು ಅಕ್ಕ. ಬೇವಿನ ಗಿಡದ ಕೆಳಗ ಕುಂತೀವಲ್ಲ, ಅದಕ್ಕ ಅಂತ ನಾನು ನಕ್ಕಿದ್ನಿ.”

ಕಲಸಿದ ಔಷಧ ಎಷ್ಟು ಕೊಂದಿತೋ, ನನ್ನ ಮಗ್ಗು ಎಷ್ಟು ಕೊಂದಿತೋ, ಹೇಳಲಾರೆ. ಎರಡೂ ನಿಮ್ಮ ಗೋದಾಮಿನಿಂದಲೇ ಬಂದವು. ಅದೇ ಊರಿನ ರೈತ ಪಕೀರಪ್ಪ ಹತ್ತಿಯ ನಡುವೆ ತೊಗರಿ ಸಾಲು ಹಾಕಿ, ಬೇವಿನ ಬೀಜ ಕುಟ್ಟಿ ನೆನೆಸಿದ ನೀರು ಹೊಡೆಯುತ್ತಿದ್ದ. ನಿಮ್ಮ ಜೀಪು ಮೈಕು ಕಟ್ಟಿಕೊಂಡು ಬಂದು ಅವನನ್ನು ಹಳೇ ಕಾಲದವನೆಂದು ಆಡಿಕೊಂಡಿತು. ಅವನ ಹೊಲದಲ್ಲಿ ದುಡಿದವರು ಸಂಜೆ ತಮ್ಮ ಕಾಲ ಮೇಲೆ ಮನೆಗೆ ಹೋಗುತ್ತಿದ್ದರು.

ಮಾರಿದ ಮಗ್ಗುಗಳಿಗಾಗಿ ಈಗ ಮನೆಮನೆ ಅಲೆಯುತ್ತಿದ್ದೇನೆ. “ಛಲೋ ಅದ, ಒಂದು ಹನಿ ಸೋರಂಗಿಲ್ಲ, ಯಾಕ ಕೊಡಬೇಕ್ರೀ?” ಎನ್ನುತ್ತಾರೆ. ಈ ಪತ್ರ ಬರೆಯುವ ಹೊತ್ತಿಗೂ ಯಾರೋ ಅದರಲ್ಲಿ ನೀರು ಕುಡಿಯುತ್ತಿರಬೇಕು. ನನಗೆ ಭಯವಾಗುತ್ತಿದೆ.

ಆದ್ದರಿಂದ ಅದೇ ಜೀಪು, ಅದೇ ಮೈಕು ಈ ವಾರವೇ ಹಿರೇಕೊಟ್ನೆಕಲ್ಲಿಗೂ, ನನ್ನ ಮಗ್ಗು ಹೋಗಿರುವ ಚೀಕಲಪರ್ವಿಗೂ ಬರಲಿ. ತೂತು ಹೊಡೆಯದ ಡಬ್ಬಿ ಗೋದಾಮು ದಾಟದಿರಲಿ. ಬೇವಿನ ಬೀಜದ ಕೆಲಸವನ್ನು ಪಕೀರಪ್ಪನೇ ಮೈಕಿನಲ್ಲಿ ಹೇಳಲಿ. ಜೀಪಿನಲ್ಲಿ ನಾನೂ ಕೂರುತ್ತೇನೆ. ಮಗ್ಗು ನನ್ನದೆಂದು ನಾನು ಕೂಗುತ್ತೇನೆ, ಡಬ್ಬಿ ನಮ್ಮದೆಂದು ನೀವು ಕೂಗಿ.

ಇಂತಿ,
ತನ್ನ ಮಗ್ಗು ಸೋರುವುದಿಲ್ಲವೆಂದು ಸಂತೆ ತುಂಬ ಬೀಗಿದ್ದ
ಗುಲಾಮ್ ದಸ್ತಗೀರ್
ಕವಿತಾಳ, ಡಿಸೆಂಬರ್ 1983